ಗಾಳಿಹಡಗಿನ ಹೊಟ್ಟೆಯೊಳಗೆ

ಸಂಶಯ ಪಡುವುದು ನನ್ನ ಕೆಲಸವಾಗಿತ್ತು. ಅದಕ್ಕೆ ಸಂಬಳವನ್ನೂ ಕೊಡುತ್ತಿದ್ದರು. ಅದೇ ಗುಣಕ್ಕೆ ಮನೆಯಲ್ಲಿ ಹೆಂಡತಿಯಿಂದ ಬೈಸಿಕೊಳ್ಳುತ್ತಿದ್ದೆ. ಹಾಲಿನವನು ನೀರು ಬೆರೆಸಿದನೇ, ಕಂಡಕ್ಟರ್ ಚಿಲ್ಲರೆಯನ್ನು ಬೇಕೆಂದೇ ಮರೆತನೇ, ನೆಂಟರು ಬಂದದ್ದು ನಮ್ಮನ್ನು ನೋಡಲಿಕ್ಕೋ ಏನಾದರೂ ಕೇಳಲಿಕ್ಕೋ ಎಂದು ಲೆಕ್ಕ ಹಾಕುತ್ತ ಕೂರುವ ಗಂಡನನ್ನು ಯಾರು ತಾನೇ ಮೆಚ್ಚುತ್ತಾರೆ? ಆದರೆ ಗಾಳಿಹಡಗು ಕಟ್ಟುವ ಕಂಪನಿಯಲ್ಲಿ ಸೋರಿಕೆ ಹುಡುಕುವವನಿಗೆ ಬೇರೆ ಯಾವ ಗುಣ ಇದ್ದರೂ ಉಪಯೋಗವಿಲ್ಲ. ಈಗ ಅಲ್ಲಲ್ಲಿ ಬಲೂನು, ಡ್ರೋನು ಮಾಡುವವರು ಹುಟ್ಟಿಕೊಂಡಿದ್ದಾರೆ. ತಪಾಸಣೆಯ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ನನ್ನ ಮನೆ ಹುಡುಕಿಕೊಂಡು ಬಂದು, "ಮೊದ್ಲು ಏನು ನೋಡ್ಬೇಕ್ರಿ?" ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಹಾರ ಹಾಕಿದರು ಎಂಬುದನ್ನೆಲ್ಲ ಬಿಟ್ಟಿದ್ದೇನೆ.

ನಮ್ಮದು ಹಗರಿಬೊಮ್ಮನಹಳ್ಳಿಯಲ್ಲಿ, ರೈಲು ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ, ತಾಡಪತ್ರಿ ಹೊಲಿಯುವ ಅಂಗಡಿ. ಲಾರಿಗೆ, ಶೇಂಗಾ ಚೀಲಗಳಿಗೆ, ಮಾರುಕಟ್ಟೆಯ ಜೋಳದ ರಾಶಿಗೆ ಹೊದಿಸುವ ದಪ್ಪ ಬಟ್ಟೆ. ಗಿರಾಕಿ ಹಳೆಯ ತಾಡಪತ್ರಿಯನ್ನು ತಂದು ಎಸೆದು "ಸೋರ್ತೈತಿ" ಎಂದು ಹೋಗಿಬಿಡುತ್ತಿದ್ದ. ಎಲ್ಲಿ ಸೋರುತ್ತದೆ ಎಂದು ಅವನಿಗೇ ಗೊತ್ತಿರುತ್ತಿರಲಿಲ್ಲ. ಅಪ್ಪ ಕಲಿಸಿದ ಉಪಾಯ ಒಂದೇ. ಮಧ್ಯಾಹ್ನದ ಬಿಸಿಲಿನಲ್ಲಿ ಅದನ್ನು ಕಂಬಗಳಿಗೆ ಕಟ್ಟಬೇಕು, ಕೆಳಗೆ ಅಂಗಾತ ಮಲಗಬೇಕು, ಮೇಲೆ ನೋಡಬೇಕು. ತೂತು ಇದ್ದರೆ ಬಿಸಿಲು ಅಲ್ಲಿ ಚುಕ್ಕೆಯಾಗಿ ಇಳಿಯುತ್ತದೆ.

ತೊಂಬತ್ತರ ದಶಕದ ನಡುವೆ ಒಂದು ದಿನ ಹಾಗೆ ಮಲಗಿದ್ದಾಗ, ಇಸ್ತ್ರಿ ಮಾಡಿದ ಪ್ಯಾಂಟು ತೊಟ್ಟ ಒಬ್ಬ ಗಿಡ್ಡ ಮನುಷ್ಯ ಬಂದು ಏನೂ ಹೇಳದೆ ನನ್ನ ಪಕ್ಕದ ಮಣ್ಣಿನಲ್ಲಿ ತಾನೂ ಮಲಗಿದ.

"ಏನು ನೋಡ್ತಿದ್ದೀರಿ?" ಎಂದ.

"ತೂತು."

"ಕಾಣತ್ತಾ?"

"ಕಂಡ್ರ ಹೇಳ್ತೀನಿ, ಸುಮ್ಕಿರ್ರಿ."

ತೆರಿಗೆ ಇಲಾಖೆಯವನೇ ಇರಬೇಕು ಎಂದು ನನಗೆ ಅನುಮಾನ. ಅಲ್ಲ, ಅವರು ವಾಮನರಾಯರು. ಹೆಸರಿಗೆ ತಕ್ಕ ಎತ್ತರ. ಉತ್ತರದ ಯಾವುದೋ ಊರಿನ ಪ್ಯಾರಾಚೂಟ್ ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದು, ಅದನ್ನು ಬಿಟ್ಟು ಬಂದು, ಕೊಟ್ಟೂರಿನ ರಸ್ತೆಯಲ್ಲಿ ಮುಚ್ಚಿಹೋಗಿದ್ದ ಹತ್ತಿ ಮಿಲ್ಲಿನ ಶೆಡ್ಡನ್ನು ಹಿಡಿದಿದ್ದರು. ಪಾರಿವಾಳಗಳು ಮಾತ್ರ ಇದ್ದ ಶೆಡ್ಡು ಅದು. "ಇಷ್ಟು ಎತ್ತರದ ಸೂರು ನನಗೆ ಇಡೀ ಜಿಲ್ಲೆಯಲ್ಲಿ ಬೇರೆ ಸಿಗಲಿಲ್ಲ" ಎನ್ನುತ್ತಿದ್ದರು. ಕಂಪನಿಗೆ ಅವರು ಇಟ್ಟ ಹೆಸರು ಉದ್ದವಾಗಿತ್ತು, ಇಂಗ್ಲಿಷಿನಲ್ಲಿತ್ತು. ಊರವರು ಅದನ್ನು ಓದುವ ಗೋಜಿಗೆ ಹೋಗದೆ ಪುಗ್ಗಾ ಕಂಪನಿ, ಅಂದರೆ ಬಲೂನಿನ ಕಂಪನಿ ಎಂದು ಕರೆದರು. ಕೊನೆಯವರೆಗೂ ಅದೇ ಉಳಿಯಿತು.

ಗಾಳಿಹಡಗು ಎಂದರೆ ಏನೆಂದು ಹೇಳಿಬಿಡುತ್ತೇನೆ. ಸೌತೆಕಾಯಿಯ ಆಕಾರದ ದೊಡ್ಡ ಬಟ್ಟೆಯ ಚೀಲ. ಒಳಗೆ ಗಾಳಿಗಿಂತ ಹಗುರವಾದ ಹೀಲಿಯಂ ಅನಿಲ. ಕೆಳಗೆ ಸಣ್ಣ ಇಂಜಿನ್ನು, ಹಿಂದೆ ಬಾಲದ ರೆಕ್ಕೆ. ನಮ್ಮದರಲ್ಲಿ ಮನುಷ್ಯರು ಕೂರುತ್ತಿರಲಿಲ್ಲ. ನೆಲದ ಮೇಲೆ ನಿಂತು ರೇಡಿಯೋದಿಂದ ನಡೆಸುತ್ತಿದ್ದರು. ಸೋಪಿನದೋ ಸಿಮೆಂಟಿನದೋ ಹೆಸರು ಬರೆದು ಪೇಟೆಯ ಮೇಲೆ ಸುತ್ತಿಸುವುದಕ್ಕೆ ಬಾಡಿಗೆಗೆ ಹೋಗುತ್ತಿತ್ತು. ಮುಂದೊಂದು ದಿನ ಜನರನ್ನು ಕೂರಿಸಿ ಹಾರಿಸುವ ಕನಸು ವಾಮನರಾಯರದು. ಹೊದಿಕೆಯ ಉದ್ದುದ್ದ ತುಂಡುಗಳನ್ನು ಒಂದಕ್ಕೊಂದು ಅಂಟಿಸಿ, ಆ ಬೆಸುಗೆಯ ಮೇಲೆ ಒಂದು ಪಟ್ಟಿಯನ್ನು ಅಂಟಿಸಿದರೆ ಹಡಗಿನ ಮೈ ತಯಾರು. ಅದರೊಳಗೆ ಮೊದಲು ಬರೀ ಗಾಳಿ ಊದಿ, ಮಧ್ಯಾಹ್ನ ಬಯಲಿಗೆ ತಂದು ನಿಲ್ಲಿಸುತ್ತಿದ್ದರು. ನಾನು ಚಪ್ಪಲಿ ಬಿಟ್ಟು, ಹೊಟ್ಟೆಯ ಕೆಳಗಿನ ಕಿಂಡಿಯಿಂದ ಒಳಗೆ ನುಸುಳಿ ಬಿಸಿಲಿನ ಚುಕ್ಕೆ ಹುಡುಕುತ್ತಿದ್ದೆ. ಅಪ್ಪನ ತಾಡಪತ್ರಿಯ ವಿದ್ಯೆಯೇ ಅದು. ಒಳಗೆ ಸೆಖೆ, ಅಂಟಿನ ವಾಸನೆ. ಹೊರಗಿನವರಿಗೆ ನಾನು ಒಳಗಿರುವುದು ಮರೆತುಹೋಗಿ, ನನ್ನ ಬಗ್ಗೆಯೇ ಆಡಿಕೊಳ್ಳುತ್ತಿದ್ದ ಮಾತುಗಳೂ ಕೇಳಿಸುತ್ತಿದ್ದವು. ಈ ಕೆಲಸಕ್ಕೆ ಸೇರುವವರು ಅದಕ್ಕೂ ತಯಾರಾಗಿರಬೇಕು.

ನಮ್ಮ ಮೇಸ್ತ್ರಿ ಕೊಟ್ರಪ್ಪ. ಕೊಟ್ಟೂರಿನವನು. ಹತ್ತಿ ಮಿಲ್ಲು ನಡೆಯುತ್ತಿದ್ದ ಕಾಲದಲ್ಲೇ ಅದೇ ಶೆಡ್ಡಿನಲ್ಲಿ ಮೇಸ್ತ್ರಿಯಾಗಿದ್ದವನು. ಅಲ್ಲಿನ ಯಂತ್ರ ಅವನ ಬಲಗೈಯ ಉಂಗುರದ ಬೆರಳನ್ನು ಅರ್ಧಕ್ಕೆ ಕತ್ತರಿಸಿತ್ತು. ಸ್ನಾನ, ಲಿಂಗಪೂಜೆ ಆಗದೆ ಹನಿ ನೀರು ಕುಡಿಯುತ್ತಿರಲಿಲ್ಲ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಕತ್ತರಿಸಿದ ಬೆರಳಿನಿಂದಾಗಿ ಕೆಳಗಿನ ಗೆರೆ ಮಾತ್ರ ಯಾವಾಗಲೂ ಅರ್ಧ. ಸುಳ್ಳು ಹೇಳುವವನಲ್ಲ, ಕದಿಯುವವನಲ್ಲ. ಅಂಥವರ ಮೇಲೆ ಸಂಶಯ ಪಡುವುದು ಬಹಳ ಕಷ್ಟ.

ಮೊದಲ ಹಡಗು ಚೆನ್ನಾಗಿಯೇ ಬಂತು. ಸ್ವಲ್ಪವೂ ಸೋರಲಿಲ್ಲ. ಕೆಲಸಗಾರರು ಅದಕ್ಕೆ ಎಮ್ಮಿ ಎಂದು ಹೆಸರಿಟ್ಟರು. ತುಂಗಭದ್ರೆಯ ಹಿನ್ನೀರಿನ ಬಯಲಿನಲ್ಲಿ ಹಾರಿಸಿ ನೋಡೋಣ ಎಂದು ಹಂಪಸಾಗರದ ಕಡೆಗೆ ಒಯ್ದೆವು. ನಮಗೆ ತಿಳಿಯದೇ ಹೋದದ್ದು ಒಂದು ಸಂಗತಿ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಬಯಲಾಗುವ ನೆಲದಲ್ಲಿ ಜನ ಬೆಳೆ ತೆಗೆಯುತ್ತಾರೆ. ಆ ನೆಲ ಯಾರ ಹೆಸರಿನಲ್ಲೂ ಇರುವುದಿಲ್ಲ, ಸರಕಾರ ಯಾವಾಗ ಬಂದು ಬಿಡಿಸುತ್ತದೋ ಎಂಬ ಹೆದರಿಕೆ ಇದ್ದೇ ಇರುತ್ತದೆ. ಅಂಥವರ ತಲೆಯ ಮೇಲೆ ಆಕಾಶದಲ್ಲಿ ಇಷ್ಟು ದೊಡ್ಡ ವಸ್ತು ನಿಧಾನವಾಗಿ ಹಾದುಹೋದರೆ ಏನೆಂದುಕೊಳ್ಳಬೇಕು? ಹಡಗು ಕೆಳಗಿಳಿಯುತ್ತಲೇ ಹತ್ತಾರು ಮಂದಿ ಓಡಿ ಬಂದು ಹಗ್ಗ ಹಿಡಿದು ಎತ್ತಿನ ಗಾಡಿಗೆ ಬಿಗಿದೇಬಿಟ್ಟರು.

ಪೇಟ ಸುತ್ತಿದ್ದ ಹಿರಿಯನೊಬ್ಬ ನನ್ನನ್ನು ಕೇಳಿದ: "ಯಾವ ಇಲಾಖಿಯವ್ರು ನೀವು?"

"ಇಲಾಖಿ ಅಲ್ರಿ, ಕಂಪನಿ."

"ಕಂಪನಿ ಅಂದ್ರ ಇನ್ನೂ ಕೆಟ್ಟದ್ದು. ನೆಲ ಅಳೆಯೋ ಕ್ಯಾಮ್ರಾ ಎಲ್ಲೈತಿ, ತೋರ್ಸು."

"ಕ್ಯಾಮ್ರಾ ಇಲ್ರಿ ಯಜಮಾನ್ರ. ಒಳಗ ಬರೇ ಗಾಳಿ."

"ಬರೇ ಗಾಳಿ ಕಾಯಾಕ ಇಷ್ಟು ಮಂದಿಗಿ ಪಗಾರ ಕೊಟ್ಟು ಇಟ್ಕೊಂಡಾರೇನು?"

ನನಗೂ ಅದೇ ಅನುಮಾನ ಆಗಾಗ ಬರುತ್ತಿತ್ತು. ವಾಮನರಾಯರು ವಿಜ್ಞಾನ ವಿವರಿಸಲು ಹೊರಟರು. ಅವರು ಹೇಳಿದಷ್ಟೂ ಜನರಿಗೆ ಸಂಶಯ ಹೆಚ್ಚಾಯಿತು. ಕೊನೆಗೆ ಕೊಟ್ರಪ್ಪ ಮುಂದೆ ಬಂದು, ಸೊಂಟದ ಸಂಚಿಯಿಂದ ವಿಭೂತಿ ತೆಗೆದು ಅಂಗೈಯಲ್ಲಿ ಹಿಡಿದ.

"ಇದನ್ನ ಹಿಡ್ಕೊಂಡು ಹೇಳ್ತೀನಿ. ಇದರಾಗ ಸರಕಾರ ಇಲ್ಲ. ಇದ್ರ ನನ್ನ ಕೈ ಬಿದ್ದು ಹೋಗ್ಲಿ."

ಹಿರಿಯ ಅವನ ಅಂಗೈ ನೋಡಿದ, ಹಣೆ ನೋಡಿದ. "ಬಿಡ್ರಲೇ" ಎಂದ. ಅಷ್ಟೇ, ಹಗ್ಗ ಬಿಚ್ಚಿದರು. ಆದರೆ ಎಲ್ಲರೂ ಒಮ್ಮೆಗೇ ಬಿಟ್ಟದ್ದರಿಂದ ಹಡಗು ಗಾಳಿಗೆ ಜಗ್ಗಿ ಮೇಲೆದ್ದಿತು. ಹಗ್ಗವನ್ನು ಕೈಗೆ ಸುತ್ತಿಕೊಂಡಿದ್ದ ನಮ್ಮ ಕೆಲಸಗಾರನೊಬ್ಬ ಎತ್ತರದಿಂದ ಬಿದ್ದು ತೋಳು ಮುರಿದುಕೊಂಡ. ಕೊಟ್ರಪ್ಪನಿಗೆ ಅದು ಮನಸ್ಸಿಗೆ ಹತ್ತಿತು. ಪೂಜೆಯಿಲ್ಲದೆ ಕೆಲಸ ಶುರು ಮಾಡಿದ್ದೇ ತಪ್ಪಾಯಿತು ಎಂದ. ಉಜ್ಜಿನಿಯ ಮಠಕ್ಕೆ ಹೋಗಿ ಬಂದವನು ಶೆಡ್ಡಿನ ಬಾಗಿಲಲ್ಲಿ ಒಂದು ತಾಮ್ರದ ತಟ್ಟೆಯಲ್ಲಿ ವಿಭೂತಿ ಇಟ್ಟ. ಅಂದಿನಿಂದ ಬಂದವರೆಲ್ಲ ಅದನ್ನು ಧರಿಸಿಯೇ ಒಳಗೆ ಹೋಗುವುದು ರೂಢಿಯಾಯಿತು. ನಾನೂ ಧರಿಸುತ್ತಿದ್ದೆ, ನಮ್ಮ ಮನೆಯಲ್ಲೂ ಅದೇ ಪದ್ಧತಿ. ಆಮೇಲೆ ಅಂಟಿಸುವವರು ಮೇಜಿನ ಮುಂದೆ ಕೂತು, ಹೊಸ ಪಟ್ಟಿ ಎತ್ತಿಕೊಂಡಾಗಲೆಲ್ಲ ಅದನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ನಮ್ಮ ಕಡೆ ನೇಗಿಲಿಗೂ ತಕ್ಕಡಿಗೂ ಹಾಗೆಯೇ ಮಾಡುತ್ತಾರೆ, ಆದ್ದರಿಂದ ಯಾರೂ ಅದನ್ನು ವಿಶೇಷವಾಗಿ ಗಮನಿಸಲಿಲ್ಲ.

ಸಂಶಯದ ಮಾತು ಬಂದದ್ದಕ್ಕೆ, ಆಮೇಲಿನದಾದರೂ ಒಂದನ್ನು ಇಲ್ಲೇ ಹೇಳಿಬಿಡುತ್ತೇನೆ. ಎರಡು ಸಾವಿರದ ಇಸವಿಯ ನಂತರ ಎಲ್ಲೆಲ್ಲೂ ಅದಿರಿನ ಮಾತು. ಆಗ ಕೂಡ್ಲಿಗಿಯ ಮೇಲೆ ನಮ್ಮ ಹಡಗು ಹಾರಿದರೆ ಜನ ಅದರ ನೆರಳನ್ನು ಹಿಂಬಾಲಿಸುತ್ತಿದ್ದರು. ನೆರಳು ನಿಂತ ಹೊಲದಲ್ಲಿ ಕಬ್ಬಿಣದ ಅದಿರು ಇದೆಯೆಂದು ಯಾರೋ ಹಬ್ಬಿಸಿದ್ದರು. ಹರಪನಹಳ್ಳಿಯಲ್ಲಿ ಒಬ್ಬರು ನನ್ನನ್ನು ಚಹಾದಂಗಡಿಗೆ ಕರೆದೊಯ್ದು, "ನಮ್ಮ ಹೊಲದ ಮ್ಯಾಲೆ ಎರಡು ಸಲ ನಿಂತೈತಂತೆ, ನಿಜ ಹೇಳ್ಬಿಡ್ರಿ ಸಾರ್, ಮಾರ್ಲೋ ಬ್ಯಾಡ್ವೋ?" ಎಂದು ಪಿಸುಗುಟ್ಟಿದರು. ಗಾಳಿ ಇರಲಿಲ್ಲ, ಅದಕ್ಕೆ ನಿಂತಿತ್ತು ಎಂದೆ. ನಂಬಲಿಲ್ಲ. ಚಹಾದ ದುಡ್ಡನ್ನು ನನ್ನಿಂದಲೇ ಕೊಡಿಸಿದರು.

ಇನ್ನು ನಾನು ಹೇಳಬೇಕೆಂದು ಕೂತ ವಿಷಯ.

ವಿಭೂತಿಯ ತಟ್ಟೆ ಬಂದ ಸುಮಾರಿಗೇ ಹುಲಿಗೆಮ್ಮ ಕೆಲಸಕ್ಕೆ ಸೇರಿದಳು. ಹಗರಿಬೊಮ್ಮನಹಳ್ಳಿಯ ಅಂಚಿನ ಕೇರಿಯವಳು. ಅವಳ ತಂದೆ ರೈಲ್ವೆಯ ಗ್ಯಾಂಗ್‌ಮನ್ ಆಗಿದ್ದವರು, ಬುದ್ಧನ ಧಮ್ಮಕ್ಕೆ ಸೇರಿದವರು. ಮೊದಲ ದಿನ ಕೊಟ್ರಪ್ಪ ತಟ್ಟೆ ತೋರಿಸಿದಾಗ ಅವಳು, "ನಮ್ಮ ಮನ್ಯಾಗ ರೂಢಿ ಇಲ್ರಿ ಮೇಸ್ತ್ರಿ" ಎಂದು ಮೆತ್ತಗೆ ಹೇಳಿ ಒಳಗೆ ಹೋದಳು. ಕೊಟ್ರಪ್ಪ ಅವಳಿಗೆ ತುದಿಯ ನಾಲ್ಕನೆಯ ಮೇಜು ಕೊಟ್ಟ. ಯಾರ ಬೆಸುಗೆ ಯಾವುದು ಎಂದು ಗೊತ್ತಾಗಲು ಪಟ್ಟಿಯ ತುದಿಗೆ ಬಣ್ಣದ ದಾರ ಕಟ್ಟುವುದಿತ್ತು. ಮೂರು ಮೇಜುಗಳಿಗೆ ಕೆಂಪು, ಹಸಿರು, ಹಳದಿ ಹಂಚಿಹೋಗಿದ್ದವು. ಅವಳು ನೀಲಿ ಕೇಳಿ ತೆಗೆದುಕೊಂಡಳು. ತಿಂಗಳ ಸಂಬಳ, ಭವಿಷ್ಯನಿಧಿ ಇರುವ ಕೆಲಸ ಅವಳ ಮನೆಯ ಹೆಂಗಸರಲ್ಲಿ ಅವಳಿಗೇ ಮೊದಲು ಸಿಕ್ಕಿದ್ದು. ಅವಳನ್ನು ನೋಡಿ ಕೇರಿಯ ಇನ್ನಿಬ್ಬರು ಹುಡುಗಿಯರು ಅರ್ಜಿ ಹಾಕಿಕೊಂಡು ಕಾಯುತ್ತಿದ್ದರು.

ಎರಡನೆಯ ಹಡಗು ತಪಾಸಣೆಯಲ್ಲಿ ಪಾಸಾಯಿತು. ನಾನೇ ಒಳಗೆ ಹೋಗಿ ನೋಡಿದ್ದೆ, ಒಂದು ಚುಕ್ಕೆಯೂ ಇರಲಿಲ್ಲ. ಸೋಪಿನ ನೊರೆ ಹಚ್ಚಿದಾಗ ಗುಳ್ಳೆಯೂ ಏಳಲಿಲ್ಲ. ದಾವಣಗೆರೆಯ ವಸ್ತುಪ್ರದರ್ಶನಕ್ಕೆ ಹೋಯಿತು. ಕೆಲವು ವಾರ ಬಿಸಿಲು ಕಂಡ ಮೇಲೆ ಬೆಳಗಾದರೆ ಮೂಗು ಇಳಿಬಿಟ್ಟುಕೊಂಡು ನಿಲ್ಲುತ್ತಿತ್ತಂತೆ. ಕೊನೆಗೆ ಜನರ ಮುಂದೆಯೇ ಕುಸಿಯಿತು. ಬಾಡಿಗೆ ಪಡೆದವರು ಲಾರಿಯಲ್ಲಿ ಹೇರಿ ವಾಪಸು ಕಳಿಸಿದರು.

ವಾಮನರಾಯರು ಹೀಲಿಯಂ ಮೂಸುವ ಯಂತ್ರವೊಂದನ್ನು ಮುಂಬಯಿಯಿಂದ ತರಿಸಿದರು. ಅನಿಲ ಸೋರುವಲ್ಲಿ ಕೀಂಯ್ ಎನ್ನುತ್ತದೆ. ಶೆಡ್ಡಿನಲ್ಲಿ ಚಾಲೂ ಮಾಡಿದರೆ ಹಡಗಿನ ಹತ್ತಿರ, ಬಾಗಿಲಿನ ಹತ್ತಿರ, ನನ್ನ ಊಟದ ಡಬ್ಬಿಯ ಹತ್ತಿರ, ಎಲ್ಲೆಂದರಲ್ಲಿ ಕೂಗಿತು. ಇದೂ ಒಂದು ಮೋಸ ಎಂದು ನಾನು ನಕ್ಕೆ. ರಾಯರು ಶೆಡ್ಡಿನ ಬಾಗಿಲುಗಳನ್ನೆಲ್ಲ ತೆಗೆಸಿದರು. ಸೂರಿನಡಿ ತುಂಬಿದ್ದ ಅನಿಲ ಹೊರಗೆ ಹೋದ ಮೇಲೆ ಯಂತ್ರ ಸರಿಯಾಗಿ ಮಾತಾಡಿತು. ಹೊಸ ಉಪಕರಣವನ್ನು ನೋಡಿದ ಕೂಡಲೇ ನಗಬಾರದು ಎಂದು ಆ ದಿನ ಕಲಿತೆ. ಯಂತ್ರ ಕೆಂಪಿನ ಮೇಲೆ ಕೂಗಿತು. ಹಸಿರಿನ ಮೇಲೆ ಕೂಗಿತು. ಹಳದಿಯ ಮೇಲೆ ಕೂಗಿತು. ನೀಲಿಯ ಉದ್ದಕ್ಕೂ ಹಿಡಿದರೆ ಒಂದು ಸದ್ದಿಲ್ಲ.

ರಾಯರ ಕೋಣೆಯಲ್ಲಿ ಕೊಟ್ರಪ್ಪ ನಿಧಾನಕ್ಕೆ ಹೇಳಿದ: "ನೀಲಿದೊಂದು ಬಿಟ್ಟು ಎಲ್ಲಾ ಸೋರ್ತಾವಂದ್ರ ನೀವ ತಿಳ್ಕೊಳ್ರಿ."

"ಅವಳ ಕೆಲಸ ಚೆನ್ನಾಗಿದೆ ಅಂತ ತಿಳ್ಕೋಬಹುದಲ್ಲ, ಮೇಸ್ತ್ರಿ?"

"ಉಳಿದವ್ರು ಕೆಲಸ ಗೊತ್ತಿಲ್ದವ್ರೇನ್ರಿ? ಮೊದ್ಲನೇ ಹಡಗು ಅವ್ರ ಮಾಡಿದ್ದು. ಅದು ಸೋರಲಿಲ್ಲ. ಈಕಿ ಬಂದ ಮ್ಯಾಲ ಸೋರಾಕ ಹತ್ತೈತಿ. ತನ್ನದೊಂದು ಬಿಟ್ಟು ಎಲ್ಲಾರ್ದೂ ಸೋರ್ತೈತಿ. ಕೈಯಾಗ ಪಿನ್ನು, ಸೂಜಿ ಇದ್ದವ್ರಿಗಿ ಎಷ್ಟೊತ್ತಿನ ಕೆಲಸರಿ ಅದು?"

ಆ ಮಾತಿನಲ್ಲಿ ದ್ವೇಷ ಕಾಣಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು. ಅವನು ನಂಬಿ ಆಡುತ್ತಿದ್ದ. ಪಿನ್ನಿನ ತೂತಾದರೆ ಒಳಗಿನಿಂದ ಚುಕ್ಕೆ ಕಾಣಬೇಕು, ಕಂಡಿಲ್ಲ ಎಂದು ನಾನು ಹೇಳಿದೆ. "ನಿಮಗ ಕಾಣದಂಗ ಮಾಡ್ಯಾಳ" ಎಂದ. ಸಂಶಯ ಒಂದು ಸಲ ಒಬ್ಬರ ಮೇಲೆ ಕೂತುಬಿಟ್ಟರೆ, ಪುರಾವೆ ಇಲ್ಲದಿರುವುದೇ ಪುರಾವೆಯಾಗುತ್ತದೆ.

ಮೂರನೆಯ ಹಡಗಿನ ಕೆಲಸ ಶುರುವಾದಾಗ ಗೇಟಿನಲ್ಲಿ ಅವಳನ್ನು ತಡೆದು ತಪಾಸಣೆ ಮಾಡತೊಡಗಿದರು. ಸೆರಗಿಗೆ ಚುಚ್ಚಿದ ಪಿನ್ನು, ತಲೆಯ ಪಿನ್ನು ಎಲ್ಲವನ್ನೂ ತೆಗೆಸಿ ಕಾವಲುಗಾರನ ಹತ್ತಿರ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಡುತ್ತಿದ್ದರು. ಬೇರೆ ಯಾವ ಹೆಂಗಸಿನ ಪಿನ್ನನ್ನೂ ಕೇಳಲಿಲ್ಲ. ಅವಳು ಜಾರುವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೇಜಿನ ಮೇಲೆ ಬಾಗಿದಾಗಲೆಲ್ಲ ಎಡಗೈಯಲ್ಲಿ ಹಿಡಿದುಕೊಂಡು, ಬಲಗೈ ಒಂದರಿಂದಲೇ ಕೆಲಸ ಮಾಡುತ್ತಿದ್ದಳು. ಕೊಟ್ರಪ್ಪ ತನ್ನ ಕುರ್ಚಿಯನ್ನು ಅವಳ ಎದುರಿಗೇ ಹಾಕಿಕೊಂಡ. ಆ ಮೇಜನ್ನು ಹಾದುಹೋಗುವಾಗ ನಾನು ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದೆ. ಆದರೂ ಅಂಟು ಮಾರಿದವನ ಮೇಲೆ, ಬಟ್ಟೆ ಕಳಿಸಿದವನ ಮೇಲೆ, ಕೊಟ್ರಪ್ಪನ ಮೇಲೆ ಪಟ್ಟ ಹಾಗೆ ಅವಳ ಮೇಲೂ ಸಂಶಯ ಪಡುತ್ತಿದ್ದೆ. ಕೆಲಸ ಅಂಥದ್ದು.

ಅಷ್ಟು ಕಾವಲಿದ್ದೂ ಮೂರನೆಯ ಹಡಗು ಬಿಸಿಲಿನಲ್ಲಿ ನಿಂತ ಕೆಲವು ವಾರಕ್ಕೆ ಮೂಗು ಇಳಿಸಿತು. ಮತ್ತೆ ಮೂರು ಬಣ್ಣವೂ ಕೂಗಿದವು, ನೀಲಿ ಸುಮ್ಮನಿತ್ತು. ಕೆಲಸಗಾರರು ರೇಗಿ ಎದ್ದರು. ರಾಯರು ಅವಳನ್ನು ಕರೆದು ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿರಲು ಹೇಳಿದರು. ಸೋಮವಾರ ಪೊಲೀಸರಿಗೆ ದೂರು ಕೊಡುವುದು ಎಂದು ನಿಶ್ಚಯವಾಯಿತು.

ಹೋಗುವಾಗ ಅವಳು ನಾನು ಕೂತಲ್ಲಿಗೆ ಬಂದು ನಿಂತಳು. ಅಳುತ್ತಿರಲಿಲ್ಲ.

"ಬಸಣ್ಣ, ನೀವು ಎಲ್ಲಾರ ಮ್ಯಾಲೂ ಡೌಟು ಪಡ್ತೀರಂತ. ಹಂಗಾರ ಸರಿಯಾಗಿ ಪಡ್ರಿ. ನನ್ನ ಹತ್ರ ಬಂದು ನಿಲ್ಲಿಸ್ಬ್ಯಾಡ್ರಿ."

ಆ ಮಾತು ನನಗೆ ಚೆನ್ನಾಗಿ ನಾಟಿತು. ಮರುದಿನ ಮಧ್ಯಾಹ್ನ ಆ ಹಡಗಿಗೆ ಗಾಳಿ ಊದಿಸಿ ಒಳಗೆ ಹೋದೆ. ಯಾವಾಗಲೂ ಹೊಳೆಯುವ ಚುಕ್ಕೆಯನ್ನೇ ಹುಡುಕುತ್ತಿದ್ದವನು ನಾನು. ಆ ದಿನ ಚುಕ್ಕೆಯನ್ನು ಬಿಟ್ಟು ಬರೀ ಬೆಸುಗೆಗಳನ್ನು ನೋಡುತ್ತ ಮಲಗಿದೆ. ಅಂಟು ಹಿಡಿದಲ್ಲಿ ಪಟ್ಟಿ ಎಣ್ಣೆ ಹೀರಿದ ಕಾಗದದ ಹಾಗೆ ಒಂದಿಷ್ಟು ಬೆಳಕು ಬಿಡುತ್ತದೆ. ಕೆಂಪು ದಾರದ ಬೆಸುಗೆಯಲ್ಲಿ ಒಂದು ಕಡೆ ಆ ಬೆಳಕು ಇರಲಿಲ್ಲ. ಮಂಕಾದ ಗೆರೆ. ಅದರ ಕೆಳಗೆ ಇನ್ನೊಂದು. ಅದರ ಕೆಳಗೆ ಮತ್ತೊಂದು. ಸ್ವಲ್ಪ ಮುಂದೆ ಮತ್ತೆ ಅದೇ ಮೂರು. ಹಸಿರಿನಲ್ಲಿ, ಹಳದಿಯಲ್ಲಿ, ಹೊಸ ಪಟ್ಟಿ ಶುರುವಾದ ಕಡೆಯಲ್ಲೆಲ್ಲ ಮೂರು ಮೂರು ಗೆರೆ. ನನ್ನ ಮೂರು ಬೆರಳನ್ನು ಅವುಗಳ ಮೇಲೆ ಇಟ್ಟು ನೋಡಿದೆ. ಸರಿಯಾಗಿ ಕೂತವು.

ಪಟ್ಟಿಯ ಅಂಚನ್ನು ಉಗುರಿನಿಂದ ಎಬ್ಬಿಸಿದರೆ ಒಳಗೆ ಬೂದಿ. ಬಾಗಿಲಲ್ಲಿ ವಿಭೂತಿ ಹಚ್ಚಿಕೊಂಡ ಬೆರಳಿನಿಂದಲೇ ಪಟ್ಟಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡಿದ್ದರು. ನವುರಾದ ಬೂದಿ ಕೂತಲ್ಲಿ ಅಂಟು ಮೇಲೆ ಮೇಲೆ ಹಿಡಿಯುತ್ತದೆ, ತಪಾಸಣೆಯಲ್ಲಿ ಪಾಸಾಗುತ್ತದೆ, ಆಮೇಲೆ ಬಿಸಿಲಿಗೆ ಬಿಡುತ್ತದೆ. ಮೊದಲ ಹಡಗಿನ ಕಾಲದಲ್ಲಿ ತಟ್ಟೆಯೇ ಇರಲಿಲ್ಲ. ನೀಲಿಯ ಬೆಸುಗೆಯ ಉದ್ದಕ್ಕೂ ತೆವಳಿಕೊಂಡು ಹೋದೆ. ಒಂದು ಗೆರೆಯೂ ಇಲ್ಲ. ನನ್ನ ಹಣೆಯ ಮೇಲಿದ್ದ ವಿಭೂತಿ ಬೆವರಿಗೆ ಕರಗಿ ಕಣ್ಣಿಗೆ ಇಳಿಯುತ್ತಿತ್ತು.

ರಾಯರನ್ನು ಒಳಗೆ ಕರೆದು ತೋರಿಸಿದೆ. ತಮ್ಮ ಬೆರಳನ್ನೂ ಗೆರೆಗಳ ಮೇಲೆ ಇಟ್ಟು ನೋಡಿದರು. ಆಮೇಲೆ ಕೇಳಿದ್ದು ಒಂದೇ: "ಇದನ್ನ ಹೊರಗೆ ಹೇಳೋದು ಹೇಗೆ ಬಸಣ್ಣ? ವಿಭೂತಿಯಿಂದ ಸೋರಿತು ಅಂದ್ರೆ ಒಬ್ಬನೂ ಕೆಲಸಕ್ಕೆ ಬರಲ್ಲ." ಸಂಜೆ ಗೇಟಿಗೆ ಒಂದು ನೋಟೀಸು ಹಚ್ಚಿಸಿದರು. ಅಂಟು ಕಳಪೆ ಬಂದಿತ್ತು, ಬೇರೆ ತರಿಸಲಾಗುವುದು, ಹುಲಿಗೆಮ್ಮ ಕೆಲಸಕ್ಕೆ ಬರಬಹುದು. ಓದಿದವರು ಮುಖ ಮುಖ ನೋಡಿಕೊಂಡರು. "ಸಾಹೇಬ್ರಿಗಿ ಯಾರೋ ಹೇಳಿಸ್ಯಾರ, ಅದಕ್ಕ ಬಿಟ್ರು" ಎಂಬ ಮಾತು ನನ್ನ ಕಿವಿಗೇ ಬಿತ್ತು.

ಅವಳನ್ನು ಕರೆಯಲು ನಾನೇ ಹೋದೆ. ಮನೆಯ ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟಳು. ಬುದ್ಧನ ಚಿತ್ರದ ಕೆಳಗೆ ಅವಳ ತಂದೆ ಕೂತು ಕೇಳಿಸಿಕೊಳ್ಳುತ್ತಿದ್ದರು. ಒಳಗೆ ಕಂಡದ್ದನ್ನು, ನೋಟೀಸಿನಲ್ಲಿ ಬರೆದದ್ದನ್ನು ಎರಡನ್ನೂ ಹೇಳಿದೆ.

"ಅಂಟು ಕೆಟ್ಟಿತ್ತು ಅಂದ್ರ ನಂದು ಯಾಕ ಸೋರಲಿಲ್ಲ ಅಂತ ಕೇಳ್ತಾರ," ಎಂದಳು. "ಆಮ್ಯಾಲ ಮತ್ತ ನನ್ನ ಪಿನ್ನಿಗಿ ಬರ್ತಾರ. ನೀವು ನೋಡಿದ್ದನ್ನ ಅವ್ರೂ ನೋಡ್ಲಿ. ಎಲ್ಲಾರೂ. ಹಂಗಾದ್ರ ಬರ್ತೀನಿ."

"ಗಲಾಟಿ ಆಗ್ತೈತವ್ವ."

"ನನ್ನ ಮೈ ಮುಟ್ಟಿ ಹುಡುಕುವಾಗ ಗಲಾಟಿ ಆಗಲಿಲ್ಲಲ್ಲ."

ನಾನು ಹಾಗೆಯೇ ಹೋಗಿ ರಾಯರಿಗೆ ಹೇಳಿದೆ. ರಾಯರು ಒಂದು ದಿನ ಕೋಣೆಯಿಂದ ಹೊರಗೇ ಬರಲಿಲ್ಲ. ಮರುದಿನ ಒಪ್ಪಿಕೊಂಡರು. ಅವರಿಗೆ ನ್ಯಾಯ ಹೊಳೆಯಿತೋ, ಸೋರದ ಹಡಗು ಬೇಕಾಗಿತ್ತೋ, ನನಗೆ ಇವತ್ತಿಗೂ ಅನುಮಾನವಿದೆ.

ಹುಲಿಗೆಮ್ಮ ಬಂದಳು. ಗೇಟಿನಲ್ಲಿ ನಿಂತು, "ನನ್ನ ಡಬ್ಬಿ" ಎಂದಳು. ಕಾವಲುಗಾರ ರಾಯರ ಮುಖ ನೋಡಿ ಕೊಟ್ಟ. ಅಲ್ಲೇ, ಎಲ್ಲರೆದುರಿಗೆ, ನಿಧಾನವಾಗಿ ಸೆರಗಿಗೆ ಪಿನ್ನು ಹಾಕಿಕೊಂಡಳು.

ಮಧ್ಯಾಹ್ನ ಎಲ್ಲರೂ ಚಪ್ಪಲಿ ಬಿಟ್ಟು ಹಡಗಿನ ಹೊಟ್ಟೆಯೊಳಗೆ ನುಸುಳಿದೆವು. ಒಳಗೆ ಕಾಲಿಟ್ಟವರು ಮೊದಲು ನಗೆಯಾಡಿದರು, ಯಾರೋ ಕೂಗಿ ನೋಡಿದರು. ನಾನು ಏನನ್ನೂ ವಿವರಿಸಲಿಲ್ಲ. "ಬೆಸುಗಿ ನೋಡ್ರಿ" ಎಂದಷ್ಟೇ ಹೇಳಿದೆ. ಕಣ್ಣು ಹೊಂದಿಕೊಂಡ ಹಾಗೆ ಒಬ್ಬೊಬ್ಬರೇ ತಮ್ಮ ತಮ್ಮ ಬೆಸುಗೆಯ ಹತ್ತಿರಕ್ಕೆ ಸರಿದರು. ಕೆಂಪು ಮೇಜಿನ ಹೆಂಗಸೊಬ್ಬಳು ತನ್ನ ಬೆರಳುಗಳನ್ನು ಗೆರೆಯ ಮೇಲೆ ಇಟ್ಟು, ಸುಟ್ಟ ಹಾಗೆ ಹಿಂದಕ್ಕೆ ಎಳೆದುಕೊಂಡಳು. ಹುಲಿಗೆಮ್ಮ ಕಿಂಡಿಯ ಹತ್ತಿರವೇ ಕೂತಿದ್ದಳು, ತನ್ನ ನೀಲಿಯನ್ನು ಯಾರಿಗೂ ತೋರಿಸಲಿಲ್ಲ.

ಕೊಟ್ರಪ್ಪ ಮೊಣಕಾಲೂರಿ ಹಳದಿ ಬೆಸುಗೆಯ ಉದ್ದಕ್ಕೆ ಹೋಗುತ್ತಿದ್ದ. ಒಂದು ಕಡೆ ನಿಂತ. ದಿನದ ಮೊದಲ ಪಟ್ಟಿಯನ್ನು ಆ ಮೇಜಿಗೆ ಅವನೇ ಮುಟ್ಟಿ ಕೊಡುತ್ತಿದ್ದ. ಅಲ್ಲಿ ಎರಡು ಗೆರೆ ಉದ್ದವಿದ್ದವು, ಮೂರನೆಯದು ಅರ್ಧಕ್ಕೇ ನಿಂತಿತ್ತು. ಎಲ್ಲರಿಗೂ ಕಂಡಿತು. ಅವನು ತನ್ನ ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಹೊರಗಿನ ಬ್ಲೋಯರಿನ ಸದ್ದು ಬಿಟ್ಟರೆ ಬೇರೇನೂ ಕೇಳದ ಆ ಸೆಖೆಯಲ್ಲಿ ಕೂತೇ ಇದ್ದ. ನಾವೆಲ್ಲ ಹೊರಗೆ ಬಂದು ಎಷ್ಟೋ ಹೊತ್ತಿನ ಮೇಲೆ ಅವನು ಬಂದ. ನೇರವಾಗಿ ಸೈಕಲ್ ಹತ್ತಿ ಮನೆಗೆ ಹೋದ.

ಆ ರಾತ್ರಿ ನನಗೆ ನಿದ್ದೆಯಿಲ್ಲ. ಅವನು ಕೆಲಸ ಬಿಡುತ್ತಾನೆ, ಅವನ ಹಿಂದೆ ಎಲ್ಲರೂ ಬಿಡುತ್ತಾರೆ, ಇಲ್ಲವೇ ಅವಳ ಮೇಲೆ ಜನರನ್ನು ಎತ್ತಿಕಟ್ಟುತ್ತಾನೆ ಎಂದು ಒಂದಾದ ಮೇಲೊಂದು ಅನುಮಾನ.

ಕಂಪನಿಯ ಉಳಿದ ಕಥೆ ಸಣ್ಣದು. ಆಮೇಲೆ ಇನ್ನೂ ಹಲವು ಹಡಗು ಕಟ್ಟಿದೆವು, ಮೊದಲಿನಂತೆ ಯಾವುದೂ ಮೂಗು ಇಳಿಸಲಿಲ್ಲ. ಕೇರಿಯ ಆ ಇಬ್ಬರು ಹುಡುಗಿಯರೂ ಸೇರಿದರು. ಜನರನ್ನು ಹೊತ್ತು ಹಾರುವ ಹಡಗು ಮಾತ್ರ ರಾಯರ ಕಾಗದದಲ್ಲೇ ಉಳಿಯಿತು. ಅಗ್ಗದ ಫ್ಲೆಕ್ಸ್ ಬೋರ್ಡುಗಳು ಬಂದ ಮೇಲೆ ಆಕಾಶದಲ್ಲಿ ಹೆಸರು ಬರೆಸುವವರು ಕಡಿಮೆಯಾದರು, ಹೀಲಿಯಂ ದುಬಾರಿಯಾಯಿತು, ಶೆಡ್ಡು ಮತ್ತೆ ಪಾರಿವಾಳಗಳಿಗೆ ಹೋಯಿತು. ಹೊಸಬರು ಬಂದು ಮೊದಲು ಏನು ನೋಡಬೇಕು ಎಂದು ಕೇಳಿದಾಗ ನನಗೆ ಇದ್ಯಾವುದೂ ನೆನಪಾಗುವುದಿಲ್ಲ. ಆ ರಾತ್ರಿ ಕಳೆದ ಮೇಲಿನ ಬೆಳಗ್ಗೆ ನೆನಪಾಗುತ್ತದೆ.

ನಾನು ಹೋಗುವಷ್ಟರಲ್ಲಿ ಕೊಟ್ರಪ್ಪ ಬಾಗಿಲಲ್ಲಿದ್ದ. ವಿಭೂತಿಯ ತಟ್ಟೆ ಅದರ ಜಾಗದಲ್ಲೇ ಇತ್ತು. ಅದರ ಪಕ್ಕದಲ್ಲಿ ಒಂದು ಬಕೆಟ್ ನೀರು, ಒಂದು ಚೆಂಬು, ಸೋಪು. ಒಬ್ಬೊಬ್ಬರೂ ವಿಭೂತಿ ಧರಿಸಿದ ಮೇಲೆ, "ಕೈ ಹಿಡೀರಿ" ಎಂದು ಅವನೇ ನೀರು ಹಾಕುತ್ತಿದ್ದ. ಎಲ್ಲರೂ ತೊಳೆದುಕೊಂಡು ಒಳಗೆ ಹೋದರು. ಹುಲಿಗೆಮ್ಮ ಬಂದಳು. ಅವಳ ಕೈಯಲ್ಲಿ ತೊಳೆಯುವಂಥದ್ದು ಏನೂ ಇರಲಿಲ್ಲ. ಆದರೂ ಕೊಟ್ರಪ್ಪ ಚೆಂಬು ಎತ್ತಿದ, ಮೇಲಿನಿಂದ ಸುರಿಯಲು.

"ಮ್ಯಾಲಿಂದ ಹಾಕ್ಬ್ಯಾಡ್ರಿ ಮೇಸ್ತ್ರಿ," ಎಂದಳು. "ನಮ್ಮವ್ವ, ನಮ್ಮಜ್ಜಿ ಹಂಗ ಹಾಕಿಸ್ಕೊಂಡು ಕುಡದಾರ. ಚೆಂಬು ಇತ್ಲಾಗ ಕೊಡ್ರಿ."

ಚೆಂಬು ಅವನ ಕೈಯಲ್ಲಿ ನಿಂತಿತು. ಒಳಗೆ ಹೋದವರೂ ತಿರುಗಿ ನೋಡುತ್ತಿದ್ದರು. ಅವನು ಈಗ ಏನು ಮಾಡುತ್ತಾನೆ ಎಂಬುದನ್ನು ನಾನು ಊಹಿಸಿಬಿಟ್ಟಿದ್ದೆ, ನನ್ನ ಊಹೆ ಒಳ್ಳೆಯದಾಗಿರಲಿಲ್ಲ. ಕೊಟ್ರಪ್ಪ ಚೆಂಬನ್ನು ಅವಳ ಕೈಗೆ ಕೊಟ್ಟ.

ಅವಳು ತನ್ನ ಕೈ ತೊಳೆದುಕೊಂಡಳು. ಆಮೇಲೆ ಮತ್ತೊಮ್ಮೆ ಬಕೆಟ್ಟಿನಿಂದ ಚೆಂಬು ತುಂಬಿ, "ನೀವ ಇನ್ನೂ ತೊಳ್ಕೊಂಡಿಲ್ಲ. ಕೈ ಹಿಡೀರಿ" ಎಂದಳು.

ಅವನು ಎರಡೂ ಕೈ ಮುಂದೆ ಚಾಚಿದ. ಅವಳು ಬಾಗಿ, ಚೆಂಬನ್ನು ಅವನ ಅಂಗೈಯ ಹತ್ತಿರಕ್ಕೇ ತಂದು ನೀರು ಹಾಕಿದಳು. ಮೂರು ಬೆರಳಿನ ಬೂದಿ ಆ ಅರ್ಧ ಬೆರಳಿನ ತುದಿಯಿಂದ ಹನಿ ಹನಿಯಾಗಿ ಇಳಿದು ಹೋಯಿತು.